ಸ್ವಲ್ಪ ಹಾಗೇ ಇರಿ

ಜಯನಗರದಿಂದ ಬನಶಂಕರಿಯವರೆಗೆ ಯಾವ ಪಾರ್ಕಿಗೆ ಹೋದರೂ ಬೆಳಗಿನ ಹೊತ್ತು ಮೂರು ಥರದ ಜನ ಸಿಗುತ್ತಾರೆ: ಸಕ್ಕರೆ ಕಾಯಿಲೆಗೆಂದು ನಡೆಯುವವರು, ಅವರ ಪಕ್ಕದಲ್ಲೇ ನಡೆಯುತ್ತ ಮೆಂತ್ಯದ ನೀರಿನ ಮಹಿಮೆ ಹೇಳುವವರು, ಈ ಇಬ್ಬರ ಫೋಟೊ ತೆಗೆಯುವವರು. ಮೂರನೆಯವರ ಸಂಖ್ಯೆ ಕಡಿಮೆ. ಆದರೆ ಮೊದಲಿನ ಇಬ್ಬರಿಂದ ತಪ್ಪಿಸಿಕೊಂಡಷ್ಟು ಸುಲಭವಾಗಿ ಇವರಿಂದ ತಪ್ಪಿಸಿಕೊಳ್ಳಲಾಗದು. ಅನುಕೂಲಕ್ಕೆ ಇವರನ್ನು ಕ್ಯಾಮೆರಾ ರಾಯರು ಎನ್ನೋಣ. ನಿಮ್ಮ ಕ್ರಾಸಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ರಾಯರು ಬ್ಯಾಂಕಿನಿಂದಲೋ ಯಾವುದೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರಾದವರು. ಬೀಳ್ಕೊಡುಗೆಗೆ ಶಾಲು, ಹಾರ, ಬೆಳ್ಳಿ ಗಣಪತಿ ಬಂದವು. ವಿದೇಶದಲ್ಲಿರುವ ಮಗನಿಂದ ಕ್ಯಾಮೆರಾ ಬಂತು. ‘ಅಪ್ಪನಿಗೆ ಹೊತ್ತು ಹೋಗಲಿ’ ಎಂಬುದು ಮಗನ ಉದ್ದೇಶ. ಬೀದಿಯವರ ಹೊತ್ತೂ ಹೋಗುತ್ತದೆಂದು ಅವನು ಎಣಿಸಿರಲಿಲ್ಲ.

ಹೂವು, ಹಕ್ಕಿ, ಸೂರ್ಯಾಸ್ತವೆಂದರೆ ರಾಯರಿಗೆ ಆಗದು. “ಹಕ್ಕಿ ಬೇಕಾದರೆ ಮಡಿವಾಳ ಕೆರೆ ಏರಿ ಮೇಲೆ ಹೋಗಿ ನೋಡಿ, ಒಂದು ಕೊಕ್ಕರೆಗೆ ಹತ್ತು ಲೆನ್ಸು. ನಾನು ತೆಗೆಯೋದು ದಿನನಿತ್ಯದ ಬದುಕು.” ಇಷ್ಟು ಹೇಳಿದ ಮೇಲೆ ಟಿ.ಎಸ್. ಸತ್ಯನ್ ಅವರ ಹೆಸರು ಬರಲೇಬೇಕು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಸತ್ಯನ್ ದೊಡ್ಡವರ ಸಭೆ ಸಮಾರಂಭಗಳಿಗಿಂತ ಸಾಮಾನ್ಯರ ಓಡಾಟ, ಮಕ್ಕಳ ಆಟ, ತಾಯಂದಿರ ಮುಖಗಳನ್ನು ಹೆಚ್ಚು ಪ್ರೀತಿಯಿಂದ ಸೆರೆಹಿಡಿದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ‘ಕಾಲಕ್ಕೆ ಕನ್ನಡಿ’ ರಾಯರ ಕಪಾಟಿನಲ್ಲಿ ಎದ್ದು ಕಾಣುವ ಹಾಗೆ ನಿಂತಿದೆ. ಸತ್ಯನ್ ಆದ ಮೇಲೆ ಫ್ರಾನ್ಸಿನ ಕಾರ್ತಿಯೇ ಬ್ರೆಸ್ಸೋ, ಅವನ ‘ನಿರ್ಣಾಯಕ ಕ್ಷಣ’. ಆ ಕ್ಷಣಕ್ಕಾಗಿ ಬ್ರೆಸ್ಸೋ ಯಾರ ಕಣ್ಣಿಗೂ ಬೀಳದಂತೆ ಕಾಯುತ್ತಿದ್ದನಂತೆ. ನಮ್ಮ ರಾಯರೂ ಕಾಯುತ್ತಾರೆ. ಕ್ಷಣ ಬಂದು ಹೋದ ಮೇಲೆ “ಸ್ವಲ್ಪ ಹಾಗೇ ಇರಿ” ಎಂದು ಅದನ್ನು ವಾಪಸ್ಸು ಕರೆಯುತ್ತಾರೆ.

ದರ್ಶಿನಿಯಲ್ಲಿ ಕಾಫಿ ಬೆರೆಸುವ ಹುಡುಗ ಎತ್ತರದಿಂದ ಹಾಲು ಸುರಿಯುವುದು ಇವರಿಗೆ ಬೇಕು. ಅವನು ಸುರಿದಾಗ ಇವರು ಲೆನ್ಸಿನ ಮುಚ್ಚಳ ತೆಗೆಯುತ್ತಿರುತ್ತಾರೆ. “ಇನ್ನೊಂದ್ಸಲ, ನ್ಯಾಚುರಲ್ಲಾಗಿ!” ಹಿಂದೆ ಟೋಕನ್ ಹಿಡಿದು ನಿಂತ ಜನ ಮಾತ್ರ ಬಹಳ ನ್ಯಾಚುರಲ್ಲಾಗಿ ಬೈಯತೊಡಗುತ್ತಾರೆ. ಆ ಮುಖಗಳನ್ನು ತೆಗೆದಿದ್ದರೆ ರಾಯರು ಈ ಹೊತ್ತಿಗೆ ಎಲ್ಲೋ ಇರುತ್ತಿದ್ದರು.

ಸೊಪ್ಪಿನಮ್ಮನದು ಬೇರೆಯೇ ಕಥೆ. ಕ್ಯಾಮೆರಾ ಕಂಡ ಕೂಡಲೆ ಆಕೆ ಸೆರಗು ಸರಿಮಾಡಿಕೊಂಡು, ಕೈ ಕೆಳಗಿಳಿಸಿ, ರೇಷನ್ ಕಾರ್ಡಿಗೆ ನಿಂತ ಹಾಗೆ ನಿಂತುಬಿಡುತ್ತಾಳೆ. “ನನ್ನ ನೋಡಬೇಡಮ್ಮ, ಸೊಪ್ಪು ನೋಡು” ಅಂದರೆ ಸೊಪ್ಪನ್ನೇ ದುರುಗುಟ್ಟಿ ನೋಡುತ್ತಾಳೆ. ಕೊನೆಗೆ ರಾಯರು ಎರಡು ಕಟ್ಟು ದಂಟು ಕೊಂಡು ಮನೆಗೆ ಬರುತ್ತಾರೆ. ಅವರ ಮನೆಯಲ್ಲಿ ದಂಟಿನ ಹುಳಿ ಪದೇ ಪದೇ ಆಗುವುದಕ್ಕೆ ಕಾರಣ ಇದೇ.

ಮನೆಯೊಳಗಿನ ಬದುಕಿಗೂ ಬಿಡುವಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದನ್ನು ಹಿಡಿಯಲು ರಾಯರು ಬಾಣಲೆಗೆ ಬಗ್ಗಿದಾಗ ಮನೆಯವರು, “ರೀ, ಕನ್ನಡಕಕ್ಕೆ ಎಣ್ಣೆ ಹಾರತ್ತೆ, ಆಮೇಲೆ ನನ್ನನ್ನ ಅನ್ನಬೇಡಿ” ಎನ್ನುತ್ತಾರೆ. ಅವರೆಕಾಯಿ ಕಾಲದಲ್ಲಿ ‘ಹಿತುಕುವ ಕೈಗಳು’ ಎಂಬ ಸರಣಿ ಶುರುವಾಯಿತು. ಮೊದಲ ದಿನ ಆಕೆ ಸುಮ್ಮನಿದ್ದರು. ಎರಡನೆಯ ದಿನ ನೆನೆಸಿದ ಕಾಳಿನ ಪಾತ್ರೆ ಇವರ ಮುಂದೆ ಸರಿಸಿ, “ನನ್ನ ಕೈ ಆಯ್ತಲ್ಲ, ಈಗ ನಿಮ್ಮ ಕೈ ತನ್ನಿ” ಅಂದರು. ಆ ಸರಣಿ ಅಲ್ಲಿಗೆ ಮುಗಿಯಿತು. ಈಗ ರಾಯರು ಅವರೆಕಾಯಿಯನ್ನು ಸಾರಕ್ಕಿ ಮಾರ್ಕೆಟ್ಟಿನಲ್ಲಿ, ದೂರದಿಂದ ಮಾತ್ರ ತೆಗೆಯುತ್ತಾರೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಅಂದು ದಕ್ಷಿಣ ಬೆಂಗಳೂರಿನ ಅಷ್ಟೂ ರಾಯರು ಬುಲ್ ಟೆಂಪಲ್ ರಸ್ತೆಗೆ ಇಳಿಯುತ್ತಾರೆ. ರಾಶಿಯ ಹಿಂದಿನ ಮುದುಕನಿಗೆ ಈ ಕಡೆಯಿಂದ ನಮ್ಮ ರಾಯರು ಗುರಿಯಿಟ್ಟರೆ ಆ ಕಡೆಯಿಂದ ಜೆ.ಪಿ. ನಗರದ ರಾಯರು ಗುರಿಯಿಟ್ಟಿರುತ್ತಾರೆ. ಮನೆಗೆ ಬಂದು ನೋಡಿದರೆ ಇವರ ಚಿತ್ರದಲ್ಲಿ ಅವರು, ಅವರ ಚಿತ್ರದಲ್ಲಿ ಇವರು. ಪರಿಷೆಯ ನಿಜವಾದ ದಾಖಲೆ ಬಹುಶಃ ಅದೇ.

ಇನ್ನು ವಿದೇಶ. ಮಗಳು ನ್ಯೂಜೆರ್ಸಿಯಲ್ಲಿ, ಮಗ ಮ್ಯೂನಿಕ್‌ನಲ್ಲಿ. ಇದು ಈ ಭಾಗದ ಸಾಮಾನ್ಯ ಹಂಚಿಕೆ. ರಾಯರು ಲಿಬರ್ಟಿ ಪ್ರತಿಮೆಗೆ ಬೆನ್ನು ಹಾಕಿ, ದೋಣಿಗೆ ಕಾದು ಬೇಸತ್ತ ಸಾಲನ್ನು ತೆಗೆದವರು. ಊರಿಗೆ ಬಂದ ಮೇಲೆ ಷಡ್ಡಕರು ಟಿವಿಯಲ್ಲಿ ಚಿತ್ರಗಳನ್ನು ನೋಡುತ್ತ “ಪ್ರತಿಮೆ ಎಲ್ಲಿ?” ಎಂದು ಕೇಳಿದರೆ, “ಅದು ಎಲ್ಲರ ಹತ್ತಿರವೂ ಇದೆ” ಎಂಬ ಉತ್ತರ. ಇವರ ಹತ್ತಿರ ಇರುವುದು ಬಟ್ಟೆ ಒಗೆಯುವ ಕೋಣೆ, ಕಸದ ಡಬ್ಬ, ಹಿಮದಲ್ಲಿ ಹೂತ ಕಾರು, ಎಡಿಸನ್‌ನ ಓಕ್ ಟ್ರೀ ರಸ್ತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿರುವ ನಮ್ಮವರೇ ಆದ ಹೆಂಗಸು. ಷಡ್ಡಕರಿಗೆ ಅದು ನಾಲ್ಕನೇ ಬ್ಲಾಕಿನ ಹಾಗೆಯೇ ಕಂಡಿತು. “ಇಷ್ಟಕ್ಕೆ ಅಷ್ಟು ಟಿಕೆಟ್ ಖರ್ಚೆ?” ಎಂದರು. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ.

ಮ್ಯೂನಿಕ್‌ನಲ್ಲಿ ಮಾತ್ರ ರಾಯರಿಗೆ ಲಗಾಮು ಬಿತ್ತು. ಟ್ರಾಮಿನಲ್ಲಿ ಎದುರು ಕೂತ ಅಜ್ಜಿಯ ಕಡೆ ಕ್ಯಾಮೆರಾ ಎತ್ತಿದಾಗ ಮಗ ಕೈ ಹಿಡಿದ. “ಅಪ್ಪಾ, ಇಲ್ಲಿ ಹಾಗೆಲ್ಲ ಮಾಡಬೇಡಿ.” ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬ ಕಾನೂನು ಜರ್ಮನಿಯಲ್ಲಿ 1907ರಷ್ಟು ಹಿಂದೆಯೇ ಬಂದಿದೆ. ಅದರ ಹಿನ್ನೆಲೆ ಸ್ವಾರಸ್ಯವಾದದ್ದು. 1898ರಲ್ಲಿ ಬಿಸ್ಮಾರ್ಕ್ ಸತ್ತ ರಾತ್ರಿ ಇಬ್ಬರು ಫೋಟೊಗ್ರಾಫರುಗಳು ಆತನ ಕೋಣೆಗೆ ನುಗ್ಗಿ ಹೆಣದ ಚಿತ್ರ ತೆಗೆದರು. ಮನೆಯವರು ನ್ಯಾಯಾಲಯಕ್ಕೆ ಹೋದರು. ಆ ಗಲಾಟೆಯಿಂದಲೇ ಕಾನೂನಿನ ಯೋಚನೆ ಮೊಳೆಯಿತು. ಮಗ ಇದನ್ನೆಲ್ಲ ವಿವರಿಸಿದಾಗ ರಾಯರು ನಿಟ್ಟುಸಿರು ಬಿಟ್ಟು, “ಅವರಿಗೆ ‘ಹಾಗೇ ಇರಿ’ ಅನ್ನೋ ಕಷ್ಟವೇ ಇರಲಿಲ್ಲ, ನೋಡು” ಎಂದರಂತೆ. ಬೀಗರ ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಪ್ರಕಟಣೆಯೋ ಅಲ್ಲವೋ ಎಂಬ ಚರ್ಚೆ ಅಪ್ಪ ಮಗನ ನಡುವೆ ಇನ್ನೂ ನಡೆದಿದೆ. ನನ್ನನ್ನು ಕೇಳಿದರೆ ಅಂಥ ಕಾನೂನು ಜಯನಗರಕ್ಕೂ ಬರಲಿ, ಸೊಪ್ಪಿನಮ್ಮನನ್ನೂ ಯಾರಾದರೂ ಒಂದು ಮಾತು ಕೇಳಲಿ.

ಇಷ್ಟೆಲ್ಲ ನಕ್ಕ ಮೇಲೂ ಒಂದು ವಿಷಯ ಒಪ್ಪಬೇಕು. ನಮ್ಮ ಹಳೆಯ ಆಲ್ಬಮ್ಮುಗಳನ್ನು ತೆಗೆದು ನೋಡಿ. ಮದುವೆ, ಮುಂಜಿ, ನಾಮಕರಣ, ತಿರುಪತಿಯಿಂದ ಬಂದ ಬೋಳುತಲೆಗಳು. ಅಗ್ಫಾ ಕ್ಲಿಕ್ ಕ್ಯಾಮೆರಾದ ಒಂದು ರೀಲಿನಲ್ಲಿ ಬರುತ್ತಿದ್ದದ್ದು 12 ಚಿತ್ರ. ಅದರಲ್ಲಿ ಒಂದನ್ನು ಒರಳುಕಲ್ಲಿಗೆ ಯಾರು ಹಾಳುಮಾಡುತ್ತಿದ್ದರು? ಹೀಗಾಗಿ ನಮ್ಮ ಅಜ್ಜಿಯರು ರೇಷ್ಮೆ ಸೀರೆಯಲ್ಲಿ ಮಾತ್ರ ಉಳಿದಿದ್ದಾರೆ, ಅಡುಗೆಮನೆಯಲ್ಲಿ ಉಳಿದಿಲ್ಲ. ಈಗ ಜಯನಗರದ ಹಳೆಯ ಮನೆಗಳು ಒಂದೊಂದಾಗಿ ಬಿಲ್ಡರುಗಳ ಪಾಲಾಗುತ್ತಿವೆ. ಕೆಡವಿದ ಮೇಲೆ ಮನೆಯವರಿಗೆ ಜಗುಲಿಯ ಕೆಂಪು ನೆಲ, ಗೇಟಿಗೆ ನೇತುಹಾಕುತ್ತಿದ್ದ ಹಾಲಿನ ಚೀಲ ನೆನಪಾಗುತ್ತದೆ. ಆಗ ಅವರು ಬೆಲ್ ಒತ್ತುವುದು ಕ್ಯಾಮೆರಾ ರಾಯರ ಮನೆಯದನ್ನೇ. ಹಾಲಿನ ಚೀಲ ಅಲ್ಲಿ ಸಿಕ್ಕೇ ಸಿಗುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಯಾಕೆಂದರೆ ರಾಯರು ಯಾವ ಚಿತ್ರಕ್ಕೂ ಹೆಸರು ಬರೆದಿಲ್ಲ. ಕ್ಯಾಮೆರಾದ ಗಡಿಯಾರವನ್ನು ಕೊಂಡಾಗಿನಿಂದ ಸರಿ ಮಾಡಿಲ್ಲವಾದ್ದರಿಂದ ಅವರ ಲೆಕ್ಕದಲ್ಲಿ ಪರಿಷೆ, ಮ್ಯೂನಿಕ್, ಅವರೆಕಾಯಿ ಎಲ್ಲವೂ ಒಂದೇ ಜನವರಿ 1ರಂದು ನಡೆದಿವೆ.

ನಿಮ್ಮ ಬೀದಿಯ ರಾಯರನ್ನು ಕಂಡು ಆ ಕಡೆಯ ಫುಟ್‌ಪಾತಿಗೆ ಹಾರಬೇಡಿ. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಗಡಿಯಾರ ಸರಿಮಾಡಿಕೊಡಿ. ಒಳ್ಳೆಯ ನಾಲ್ಕು ಚಿತ್ರಗಳನ್ನು ಪ್ರಿಂಟ್ ಹಾಕಿಸಿ, ಯಾರು, ಯಾವ ಕ್ರಾಸು, ಯಾವ ವರ್ಷ ಎಂದು ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆಸಿ.