403ರವರ ಟೆಂಪರರಿ ಬಾಲ್ಕನಿ

ಅಪಾರ್ಟ್‌ಮೆಂಟಿನಲ್ಲಿ ಮನುಷ್ಯರಿಗೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಇವರು 403. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗುರುತು ಹಿಡಿಯಲು ಲಿಫ್ಟ್ ಹತ್ತಬೇಕಿಲ್ಲ, ರಸ್ತೆಯಲ್ಲಿ ನಿಂತು ಕತ್ತೆತ್ತಿದರೆ ಸಾಕು.

403ರವರಿಗೆ ಬಾಲ್ಕನಿ ಮುಚ್ಚುವ ಉದ್ದೇಶವೇ ಇರಲಿಲ್ಲ. ಮೊದಲು ಹಾಕಿಸಿದ್ದು ಪಾರಿವಾಳದ ಬಲೆ. ಅದಕ್ಕೆ ಯಾರು ಬೇಡ ಎಂದಾರು? ಪಾರಿವಾಳದ ಹಿಕ್ಕೆಯ ಮುಂದೆ ಬೈಲಾ ನಡೆಯುವುದಿಲ್ಲ. ಆಮೇಲೆ ಸೊಳ್ಳೆ ಪರದೆ. ಮಳೆಗಾಲದ ಇರಚಲಿಗೆಂದು ಬಿದಿರಿನ ತಟ್ಟಿ. ತಟ್ಟಿಗೆ ಬೂಷ್ಟು ಹಿಡಿಯಿತೆಂದು ಒಂದು ಭಾನುವಾರ ಯುಪಿವಿಸಿ ಸ್ಲೈಡಿಂಗ್ ಗಾಜೇ ಬಂತು. ಸಂಘದ ಕಾರ್ಯದರ್ಶಿಯೆಂಬ ಕರ್ಮಕ್ಕೆ ನಾನು ಓಡಿದೆ.

"ಏನ್ ಸಾರ್ ಇದು?"

"ಟೆಂಪರರಿ ಕಣ್ರೀ" ಎಂದರು, ಗೋಡೆ ಕೊರೆಯುವ ಸದ್ದಿನ ನಡುವೆ.

ಕಟ್ಟಡದ ಹೊರನೋಟ ಕೆಡಿಸುವಂತಿಲ್ಲ, ಬಾಲ್ಕನಿ ಮುಚ್ಚಲು ಸಂಘದ ಲಿಖಿತ ಒಪ್ಪಿಗೆ ಬೇಕು ಎಂದು ನಮ್ಮ ಬೈಲಾದಲ್ಲಿದೆ. ಜೊತೆಗಿರಲಿ ಎಂದು ನಾನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತೆಗೆದೆ. ಅವರು 2016ರ ರೇರಾ ತೆಗೆದರು.

"ಕಾರ್ಪೆಟ್ ಏರಿಯಾಕ್ಕೆ ಬಾಲ್ಕನಿ ಸೇರಲ್ಲ ಅಂತ ಕಾಯ್ದೆಯೇ ಹೇಳತ್ತೆ. ಬಿಲ್ಡರು ಮಾತ್ರ ಸೂಪರ್ ಬಿಲ್ಟ್‌ಅಪ್ ಅಂತ ಅದಕ್ಕೂ ದುಡ್ಡು ತಗೊಂಡಿದಾನೆ. ದುಡ್ಡು ಕೊಟ್ಟ ಜಾಗದಲ್ಲಿ ನಾನೊಂದು ಕಾರ್ಪೆಟ್ ಹಾಸಬಾರದಾ?"

ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ, ಇದಕ್ಕೆ ನನಗೆ ಇವತ್ತಿಗೂ ಉತ್ತರ ಹೊಳೆದಿಲ್ಲ. ಎಫ್‌ಎಆರ್ ಮೀರುತ್ತದೆ, ಪಾಲಿಕೆಯವರು ಬಂದಾರು ಎಂದು ತೊದಲಿದೆ.

"ಅವರು ಮೊದಲು ರಸ್ತೆ ಗುಂಡಿ ಮುಚ್ಚಲಿ, ಆಮೇಲೆ ನಾನು ಬಾಲ್ಕನಿ ತೆರೀತೀನಿ."

ಮೂರು ನೋಟಿಸ್ ಕಳಿಸಿದೆವು. ಮೊದಲನೆಯದಕ್ಕೆ ಉತ್ತರವಾಗಿ, 304ರವರು ಕಾರಿಡಾರಿನಲ್ಲಿಟ್ಟ ಚಪ್ಪಲಿ ಸ್ಟ್ಯಾಂಡಿನ ಫೋಟೋ ಬಂತು. ಎರಡನೆಯದಕ್ಕೆ, 501ರವರು ಟೆರೇಸಿನಲ್ಲಿ ಒಣಹಾಕಿದ ಹಪ್ಪಳದ ಫೋಟೋ, ಹಪ್ಪಳಗಳ ಎಣಿಕೆಯ ಸಮೇತ. ಮೂರನೆಯದಕ್ಕೆ, ಸತ್ಯನಾರಾಯಣ ಪೂಜೆಯ ಕರೆ. ಹೋದೆವು. ಗಾಜಿನ ಕೋಣೆಯಲ್ಲೇ ಕೂರಿಸಿ ಬಾಳೆಲೆ ಹಾಕಿದರು. ಹೊರಗೆ ಧೋ ಎಂದು ಮಳೆ, ಒಳಗೆ ಒಂದು ಹನಿ ಇಲ್ಲ. ನೋಟಿಸಿಗೆ ಸಹಿ ಹಾಕಿದ್ದ ಮೂವರೂ ಸಪಾದವನ್ನು ಎರಡೆರಡು ಸಲ ಹಾಕಿಸಿಕೊಂಡೆವು. ಗಾಜು ಹಾಕಿಕೊಟ್ಟವರ ಫೋನ್ ನಂಬರನ್ನು ಖಜಾಂಚಿಯವರು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೂ ಬಿತ್ತು.

ಕಳೆದ ವಾರ 403ರವರಿಂದಲೇ ಲಿಖಿತ ದೂರು ಬಂದಿದೆ. ಗಾಜಿನಾಚೆ ಉಳಿದ ಅರ್ಧ ಅಡಿ ಅಂಚಿನ ಮೇಲೆ ಪಾರಿವಾಳ ಗೂಡು ಕಟ್ಟಿದೆಯಂತೆ. ಗಾಜಿನ ಈಚಿನದು ತಮ್ಮ ಮನೆ, ಆಚಿನದು ಕಾಮನ್ ಏರಿಯಾ, ಆದ್ದರಿಂದ ಸ್ವಚ್ಛ ಮಾಡಿಸುವುದು ಸಂಘದ ಹೊಣೆ ಎಂದು ಬರೆದಿದ್ದಾರೆ. ಆಧಾರಕ್ಕೆ ನಮ್ಮದೇ ಬೈಲಾದ ಪ್ರತಿ ಲಗತ್ತಿಸಿದ್ದಾರೆ.

ಭಾನುವಾರ ಹತ್ತೂವರೆಗೆ ಸಭೆ. ಮೊದಲ ವಿಷಯ ಪಾರಿವಾಳ.