ಜಿಮ್ ಸದಸ್ಯತ್ವ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡಬೇಕೆಂಬುದು ಪೂರ್ವಿಕರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಗ್ರಂಥಕ್ಕೆ ಅಧಿಕಾರಿ, ಶೂ ಲೇಸು ಕಟ್ಟಲು ಬಗ್ಗಿದಾಗ ಉಸಿರು ಕಟ್ಟುವ ಗೃಹಸ್ಥ. ವಿಷಯ, ಅವನಿಗೆ ತಕ್ಕ ಜಿಮ್ ಸದಸ್ಯತ್ವ ಯಾವುದು ಎಂಬುದು. ಸಂಬಂಧ, ಅವನಿಗೂ ಜಿಮ್ಮಿಗೂ ಸದ್ಯಕ್ಕೆ ಯಾವುದೂ ಇಲ್ಲ. ಪ್ರಯೋಜನ ಗ್ರಂಥ ಮುಗಿಯುವ ಹೊತ್ತಿಗೆ ತಿಳಿದೀತು. ತಿಳಿಯದಿದ್ದರೆ, ಕಟ್ಟಿದ ಹಣ ವಾಪಸು ಕೊಡುವ ಪದ್ಧತಿ ಈ ಕ್ಷೇತ್ರದಲ್ಲಿ ಇಲ್ಲ.

ಮೊದಲು ಪ್ರಮಾಣ ವಿಚಾರ. ತಾನು ಜಿಮ್ ಸೇರಬೇಕೆಂಬ ಜ್ಞಾನ ಗೃಹಸ್ಥನಿಗೆ ಹುಟ್ಟುವುದೆಲ್ಲಿಂದ? ಪ್ರತ್ಯಕ್ಷದಿಂದ ಎನ್ನುವಂತಿಲ್ಲ. ಕನ್ನಡಿಯೆದುರು ಹೊಟ್ಟೆ ಒಳಗೆಳೆದುಕೊಂಡೇ ನಿಲ್ಲುವುದು ಮನುಷ್ಯಸ್ವಭಾವವಾದ್ದರಿಂದ ಆ ಪ್ರಮಾಣ ಮೂಲದಲ್ಲೇ ದೂಷಿತ. ಅನುಮಾನಕ್ಕೆ ಬಂದರೆ, ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರು ಬೆಲ್ಟು ಕೊನೆಯ ತೂತಿಗೆ ಬಂದದ್ದು ಕಂಡು ಹೊಟ್ಟೆಯನ್ನು ಊಹಿಸುತ್ತಾರೆ. ಗೃಹಸ್ಥನೋ, ಬೆಲ್ಟಿನ ಚರ್ಮವೇ ಮುದುರಿಕೊಂಡಿತು ಎಂದು ಹೇತುವಿನಲ್ಲೇ ದೋಷ ತೋರಿಸಿ ಪಾರಾಗುತ್ತಾನೆ. ಉಳಿದದ್ದು ಶಬ್ದಪ್ರಮಾಣ, ಅದರಲ್ಲೂ ಆಪ್ತವಾಕ್ಯ. ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತವನನ್ನು ಸೋದರತ್ತೆ ಅಡಿಯಿಂದ ಮುಡಿಯವರೆಗೆ ನೋಡಿ, "ಈಗ ಮೈಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ ಕಣೋ" ಎನ್ನುತ್ತಾರೆ. ಇದಕ್ಕೆ ಪ್ರತಿವಾದವಿಲ್ಲ. ಮರುದಿನ ಬೆಳಿಗ್ಗೆ ಗೃಹಸ್ಥ ಜಿಮ್ಮಿನ ಬಾಗಿಲಲ್ಲಿರುತ್ತಾನೆ.

ಈಗ ಮೂಲಸೂತ್ರ: ಕಟ್ಟುವವನು ಬೇರೆ, ಹೋಗುವವನು ಬೇರೆ.

ವೃತ್ತಿ: ಹಣ ಕಟ್ಟುವವನು ಇಂದಿನವನು. ಅವನಿಗೆ ಉತ್ಸಾಹವಿದೆ, ಯುಪಿಐ ಇದೆ, ಹೊಸ ಟ್ರ್ಯಾಕ್ ಪ್ಯಾಂಟ್ ಇದೆ. ಬೆಳಿಗ್ಗೆ ಐದೂವರೆಗೆ ಏಳಬೇಕಾದವನು ನಾಳೆಯವನು. ಅವನ ಪಾಲಿಗೆ ಬಂದದ್ದು ಪ್ಯಾಂಟ್ ಒಂದೇ. ಅದನ್ನು ಹಾಕಿಕೊಂಡೇ ಮಲಗಿರುತ್ತಾನೆ. ಇಬ್ಬರೂ ಒಬ್ಬನೇ ಎಂದು ಅದ್ವೈತಿಗಳು ಹೇಳಬಹುದು. ಬೇರೆಲ್ಲ ವಿಷಯಗಳಲ್ಲಿ ತಟಸ್ಥನಾದ ಈ ಗ್ರಂಥಕರ್ತ ಜಿಮ್ಮಿನ ಮಟ್ಟಿಗೆ ಕಟ್ಟಾ ದ್ವೈತಿ. ಭೇದ ನಿತ್ಯ, ಭೇದ ಸತ್ಯ, ಚಳಿಗಾಲದಲ್ಲಿ ಇನ್ನೂ ಸ್ಪಷ್ಟ.

ಈ ಭೇದವನ್ನು ಅಳೆದು ನೋಡಿದವರಿದ್ದಾರೆ. ಸ್ಟೆಫಾನೋ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಮೂರು ವರ್ಷದ ಹಾಜರಿಯನ್ನು ಜಾಲಾಡಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ 4.3 ಸಲ ಹೋಗಿದ್ದರು. ಭೇಟಿಯೊಂದಕ್ಕೆ 17 ಡಾಲರಿನ ಮೇಲೆ ಬಿತ್ತು. ಅದೇ ಬಾಗಿಲಲ್ಲಿ ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರಿಗೆ ಮುಗಿಯುತ್ತಿತ್ತು. ತಿಂಗಳಿಗೆ ಎಷ್ಟು ಸಲ ಹೋಗುತ್ತೀರೆಂದು ಮುಂಚಿತವಾಗಿ ಕೇಳಿದರೆ ಮಾತ್ರ ಜನರ ಸರಾಸರಿ ಉತ್ತರ 9.5. ಒಂಬತ್ತೂವರೆ ಸಲ ಹೋಗುವವನು ಇಂದಿನವನು, ನಾಲ್ಕು ಚಿಲ್ಲರೆ ಸಲ ಹೋಗುವವನು ನಾಳೆಯವನು. ದ್ವೈತ ಸಿದ್ಧವಾಯಿತು. ಆ ಚಿಲ್ಲರೆ ಭೇಟಿ ಎಂದರೇನು ಎಂಬುದನ್ನು ಮೂಲಪ್ರಬಂಧ ವಿವರಿಸಿಲ್ಲ. ಪಾರ್ಕಿಂಗ್ ಸಿಗದೆ ಗೇಟಿನಿಂದಲೇ ಹಿಂತಿರುಗಿದ್ದು ಎಂದು ನಮ್ಮ ವ್ಯಾಖ್ಯಾನ.

ಇದರಿಂದ ಹುಟ್ಟುವ ಲೆಕ್ಕ ಸರಳ. ಒಂದು ಜಿಮ್ಮಿನಲ್ಲಿ ದಿನಕ್ಕೆ 200, ತಿಂಗಳಿಗೆ 2,000, ವರ್ಷಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಹತ್ತು ಸಲಕ್ಕಿಂತ ಕಡಿಮೆ ಹೋಗುವವನಿಗೆ ದಿನದ ಪಾಸೇ ಅಗ್ಗ. ವರ್ಷದಲ್ಲಿ ಆರು ತಿಂಗಳು ತುಂಬಿಸದವನಿಗೆ ತಿಂಗಳ ಶುಲ್ಕವೇ ಅಗ್ಗ. ಆರು ತಿಂಗಳು ದಾಟುವವನು ಮಾತ್ರ ವಾರ್ಷಿಕಕ್ಕೆ ಅರ್ಹ. ಇಷ್ಟು ಪ್ರಾಥಮಿಕ ಶಾಲೆಯ ಭಾಗಾಕಾರ. ಇದನ್ನು ಜಿಮ್ಮಿನ ಕೌಂಟರಿನಲ್ಲಿ ನಿಂತು ಮಾಡಬಲ್ಲ ಗೃಹಸ್ಥ ಇನ್ನೂ ಹುಟ್ಟಿಲ್ಲ, ಯಾಕೆಂದರೆ ಅಲ್ಲಿ ಪೂರ್ವಪಕ್ಷ ಪ್ರಬಲ.

"ಸರ್, ಮಂತ್ಲಿ ತಗೊಂಡ್ರೆ ನಿಮಗೇ ಲಾಸ್. ಆನ್ಯುಯಲ್ ತಗೊಳ್ಳಿ, ಎರಡು ತಿಂಗಳು ಎಕ್ಸ್‌ಟ್ರಾ ಕೊಡಿಸ್ತೀನಿ."

"ವರ್ಷ ಪೂರ್ತಿ ಬರೋಕಾಗತ್ತೋ ಇಲ್ವೋ ಅಂತ..."

"ಅದಕ್ಕೇ ಸರ್ ಆನ್ಯುಯಲ್. ದುಡ್ಡು ಕಟ್ಟಿದ್ರೆ ತಾನಾಗೇ ಬರ್ತೀರ. ಆಫರ್ ಇವತ್ತೇ ಲಾಸ್ಟ್ ಸರ್."

ಬರಲಾರೆ ಎಂಬ ಸಂಶಯವನ್ನೇ ಬರುವುದಕ್ಕೆ ಹೇತುವಾಗಿ ತಿರುಗಿಸಿದ ಈ ಹುಡುಗ ಯಾವ ಮಠದಲ್ಲಿ ತರ್ಕ ಓದಿದನೋ ತಿಳಿಯದು. ಅವನು ಹೇಳುವ 'ಇವತ್ತು' ಕೂಡ ಸಾಮಾನ್ಯ ಇವತ್ತಲ್ಲ. ಹೊಸ ವರ್ಷಕ್ಕೆ ಇವತ್ತೇ ಲಾಸ್ಟ್ ಆದದ್ದು ಯುಗಾದಿಗೂ ಇವತ್ತೇ ಲಾಸ್ಟ್, ವರಮಹಾಲಕ್ಷ್ಮಿಗೂ ಇವತ್ತೇ, ಡಂಬೆಲ್ಲುಗಳಿಗೆ ಕುಂಕುಮ ಹಚ್ಚುವ ಆಯುಧಪೂಜೆಗೂ ಇವತ್ತೇ. ಆದಿ ಅಂತ್ಯವಿಲ್ಲದ ಇಂಥ ದಿನಕ್ಕೆ ಹೆದರಿ ಕಾರ್ಡು ಉಜ್ಜುವುದು ಅಶಾಸ್ತ್ರೀಯ. ಸರ್ಕಾರವೂ ಈ ದೌರ್ಬಲ್ಯಕ್ಕೆ ಮರುಗಿದಂತಿದೆ: 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ನಮ್ಮ 12,000ದ ಮೇಲೆ 2,160 ಕಟ್ಟಬೇಕಿದ್ದವನು ಈಗ 600 ಕಟ್ಟಿ ಮನೆಯಲ್ಲಿ ಉಳಿಯಬಹುದು.

ಇತರ ಭೇದಗಳು. ಆಜೀವ ಸದಸ್ಯತ್ವದಲ್ಲಿ ಯಾರ ಜೀವ ಎಂಬುದನ್ನು ಕರಾರುಪತ್ರ ಹೇಳುವುದಿಲ್ಲ. ಕಟ್ಟಡದ ಬಾಡಿಗೆ ಅವಧಿ ಮುಗಿದು ಆ ಜಾಗಕ್ಕೆ ದರ್ಶಿನಿ ಬಂದರೆ ಸದಸ್ಯ ಬದುಕಿರುವಾಗಲೇ ಆಜೀವ ತೀರಿಕೊಳ್ಳುತ್ತದೆ. ಕಪಲ್ ಸದಸ್ಯತ್ವವನ್ನು ಸ್ಮೃತಿಕಾರರು ಕಂಡಿದ್ದರೆ ಸಹಧರ್ಮಾಚರಣೆಯಲ್ಲಿ ಸೇರಿಸುತ್ತಿದ್ದರೇನೋ. ಇದರ ಗುಣ, ಒಬ್ಬರು ಹೋಗದ ದಿನ ಇನ್ನೊಬ್ಬರಿಗೂ ನೆಪ ತಾನಾಗಿ ಸಿದ್ಧ. ದೋಷ, ಚಿಕ್ಕ ಮಗುವಿರುವ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಹೊರಡುವಂತೆಯೇ ಇಲ್ಲ. ಸರದಿಯ ಮೇಲೆ ಹೋಗುವುದಾದರೆ ಹೆಂಡತಿಗೆ ಸಿಗುವ ಸರದಿ ಯಾವುದು ಎಂಬ ಬೇರೆ ವ್ಯಾಜ್ಯ ಏಳುತ್ತದೆ, ಅದಕ್ಕೆ ಈ ಗ್ರಂಥದಲ್ಲಿ ನ್ಯಾಯಾಧಿಕರಣವಿಲ್ಲ. ಕಂಪನಿಯ ವತಿಯ ಸದಸ್ಯತ್ವ ಎಲ್ಲಕ್ಕಿಂತ ಅಗ್ಗ, ಆದರೆ ಪಕ್ಕದ ಟ್ರೆಡ್‌ಮಿಲ್ಲಿನಲ್ಲಿ ಮ್ಯಾನೇಜರ್ ಇರುತ್ತಾರೆ.

ಪರ್ಸನಲ್ ಟ್ರೇನರ್ ಸಹಿತ ಸದಸ್ಯತ್ವದ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು. ಇದು ಗುರುಕುಲ ಪದ್ಧತಿ. ದಕ್ಷಿಣೆ ಮಾತ್ರ ಮುಂಗಡ. ಇಲ್ಲಿ ನಡೆಯುವ ಗಣಿತ ಲೋಕದ ಗಣಿತವಲ್ಲ. "ಏಳು, ಎಂಟು, ಎಂಟು ಸರ್, ಅದು ಕೌಂಟ್ ಆಗಲ್ಲ, ಎಂಟು, ಒಂಬತ್ತು, ಲಾಸ್ಟ್ ಒಂದು, ಇನ್ನೊಂದು ಲಾಸ್ಟ್" ಎಂದು ಸಾಗುವ ಈ ಎಣಿಕೆಯಲ್ಲಿ ಎಂಟಕ್ಕೂ ಹತ್ತಕ್ಕೂ ನಡುವೆ ಎಷ್ಟು ಪೂರ್ಣಾಂಕಗಳಿವೆಯೆಂದು ಯಾರೂ ಕಂಡುಹಿಡಿದಿಲ್ಲ. ಆದರೂ ಗ್ರಂಥಕರ್ತನಿಗೆ ಈ ಪದ್ಧತಿಯ ಮೇಲೆ ಗೌರವವಿದೆ. ಸ್ಕ್ವಾಟ್, ಡೆಡ್‌ಲಿಫ್ಟ್ ಎಂಬ ಎರಡನ್ನು ಬೆನ್ನು ಮುರಿದುಕೊಳ್ಳದೆ ಮಾಡಲು ಯಾರಾದರೂ ಕಣ್ಣಿಟ್ಟು ತಿದ್ದಲೇಬೇಕು. ಅದಕ್ಕೊಂದು ತಿಂಗಳು ಟ್ರೇನರ್ ಇರಲಿ. ಅವರು ಪ್ರೋಟೀನ್ ಡಬ್ಬದ ಪ್ರಸ್ತಾಪ ತೆಗೆದ ದಿನ ವಿದ್ಯಾಭ್ಯಾಸ ಮುಗಿಯಿತೆಂದು ತಿಳಿದು ಕೈಮುಗಿದು ಹೊರಬರತಕ್ಕದ್ದು.

ಪ್ರಾಚೀನರ ಮತವನ್ನೂ ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದದ ಭಾಗವೊಂದಿದೆ. ಅಲ್ಲಿ ಮಲ್ಲರಿಗೆ ವಯಸ್ಸು, ಮೈಕಟ್ಟು, ಬಲ ನೋಡಿ ಜ್ಯೇಷ್ಠಿಕ ಮೊದಲಾದ ದರ್ಜೆಗಳು. ಕಾಳು, ಮಾಂಸ, ಹಾಲು, ಸಿಹಿತಿಂಡಿ ಎಲ್ಲ ಅರಮನೆಯ ಖರ್ಚು. ಅಂದರೆ ಶುಲ್ಕ ಹರಿಯುತ್ತಿದ್ದದ್ದು ಜಿಮ್ಮಿನಿಂದ ಸದಸ್ಯನ ಕಡೆಗೆ. ಇದಕ್ಕಿಂತ ಉತ್ತಮ ಪ್ಯಾಕೇಜು ಆಮೇಲಿನ ಎಂಟೊಂಬತ್ತು ಶತಮಾನಗಳಲ್ಲಿ ಈ ನಾಡಿನಲ್ಲಿ ಬಂದಿಲ್ಲ.

ಇದರ ತದ್ವಿರುದ್ಧ ತುದಿಯಲ್ಲಿ ನಿಲ್ಲುವುದು ಇಂಗ್ಲೆಂಡಿನ ಪದ್ಧತಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರ್ ಸೆರೆಯಾಳುಗಳಿಗೆಂದು ತುಳಿಯುವ ಚಕ್ರವೊಂದನ್ನು ರೂಪಿಸಿದ. ಟ್ರೆಡ್‌ಮಿಲ್ ಎಂಬ ಹೆಸರು ಬಂದದ್ದು ಅದಕ್ಕೆ. ಪ್ರವೇಶ ಉಚಿತ, ಅವಧಿ ನ್ಯಾಯಾಧೀಶರು ನಿಗದಿ ಮಾಡಿದ್ದು, ಫ್ರೀಜ್ ಇಲ್ಲ, ಟ್ರಾನ್ಸ್‌ಫರ್ ಇಲ್ಲ, ಹಾಜರಾತಿ ನೂರಕ್ಕೆ ನೂರು. 1895ರಲ್ಲಿ ಆಸ್ಕರ್ ವೈಲ್ಡ್ ಕೂಡ ಪೆಂಟನ್‌ವಿಲ್ ಸೆರೆಮನೆಯಲ್ಲಿ ಇದರ ಸದಸ್ಯನಾಗಿದ್ದ. 1898ರ ಕಾರಾಗೃಹ ಕಾಯ್ದೆ ಈ ಶಿಕ್ಷೆಗೆ ಮಂಗಳ ಹಾಡಿತು. ಅದರ ವಂಶಸ್ಥ ಯಂತ್ರಕ್ಕೆ ಈಗ ಸಂಜೆ ಏಳರ ಹೊತ್ತಿಗೆ ಕ್ಯೂ.

ನಮ್ಮ ಗರಡಿಮನೆಗಳು ಎರಡರ ನಡುವಿನ ದಾರಿ ಹಿಡಿದವು. ಮಟ್ಟಿಯ ಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ತಪ್ಪಿಸಿಕೊಂಡವನನ್ನು ವಸ್ತಾದರು ಟೀ ಅಂಗಡಿಯ ಮುಂದೆ ನಾಲ್ಕು ಜನರೆದುರು ವಿಚಾರಿಸಿಕೊಳ್ಳುವುದು. ಇಂದಿನ ಆ್ಯಪು 'ನಿಮ್ಮನ್ನು ನೋಡಿ ಬಹಳ ದಿನವಾಯಿತು' ಎಂದು ಮೆಸೇಜು ಕಳಿಸುತ್ತದೆ, ಬೆರಳಿಂದ ಸರಿಸಿದರೆ ಹೋಗುತ್ತದೆ. ವಸ್ತಾದರನ್ನು ಬೆರಳಿಂದ ಸರಿಸಲು ಬರುತ್ತಿರಲಿಲ್ಲ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದ ಪ್ರೊ. ಕೆ. ವಿ. ಅಯ್ಯರ್ ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಇಂದಿನ ಆನ್‌ಲೈನ್ ಸದಸ್ಯತ್ವಕ್ಕೆ ಮೂಲಪುರುಷರು ಅವರೇ ಎನ್ನಬೇಕು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ. ಬರೆಯುವವರಿಗೆ ವ್ಯಾಯಾಮ ಒಗ್ಗುವುದಿಲ್ಲ ಎಂಬ ನಮ್ಮ ಪಂಥದ ಪ್ರಿಯವಾದಕ್ಕೆ ಇದರಿಂದ ದೊಡ್ಡ ಪೆಟ್ಟು ಬೀಳುವುದರಿಂದ ಈ ಉದಾಹರಣೆಯನ್ನು ಇಲ್ಲಿಗೇ ಬಿಡುತ್ತೇವೆ.

ಎರಡನೇ ಸೂತ್ರ: ಬಾರದವನಿಂದಲೇ ಬಂದವನಿಗೆ ಜಾಗ.

ವೃತ್ತಿ: ಎಲ್ಲ ಸದಸ್ಯರೂ ಒಂದೇ ಸಂಜೆ ಬಂದರೆ ಯಾವ ಜಿಮ್ಮೂ ನಿಲ್ಲದು. ತಿಂಗಳಿಗೆ 10 ಡಾಲರಿನ ಶುಲ್ಕದಿಂದ ಹೆಸರಾದ ಅಮೆರಿಕದ ಪ್ಲಾನೆಟ್ ಫಿಟ್‌ನೆಸ್‌ನ ಒಂದೊಂದು ಶಾಖೆಗೆ ಸರಾಸರಿ 6,000ಕ್ಕೂ ಹೆಚ್ಚು ಸದಸ್ಯರೆಂದೂ ಒಳಗೆ ಹಿಡಿಸುವವರು 300ರಷ್ಟು ಜನರೆಂದೂ 2014ರಲ್ಲಿ ಅಲ್ಲಿನ ರೇಡಿಯೊ ವರದಿ ಮಾಡಿತ್ತು. ಆ ಸಂಸ್ಥೆ ತಿಂಗಳಿಗೊಮ್ಮೆ ಸದಸ್ಯರಿಗೆ ಪಿಜ್ಜಾ ಹಂಚಿ ಪ್ರಸಿದ್ಧವಾಗಿತ್ತು. ವ್ಯಾಯಾಮಶಾಲೆಯಲ್ಲಿ ಪಿಜ್ಜಾ ಏಕೆ ಎಂದು ಕೇಳುವವನಿಗೆ ಅರ್ಥಶಾಸ್ತ್ರ ತಿಳಿಯದು. ಆದ್ದರಿಂದ ವಾರ್ಷಿಕ ಕಟ್ಟಿ ಮನೆಯಲ್ಲಿರುವ ಗೃಹಸ್ಥ ಸೋಮಾರಿಯಲ್ಲ, ಅನ್ನಸಂತರ್ಪಣೆ ಮಾಡಿಸಿ ತಾನು ಊಟಕ್ಕೆ ಕೂರದ ಸೇವಾಕರ್ತ. ಬೈಸೆಪ್ಸ್ ಉಬ್ಬಿಸಿಕೊಂಡು ಸೆಲ್ಫಿ ತೆಗೆದುಕೊಳ್ಳುವ ತರುಣ ಈ ಪುಣ್ಯಾತ್ಮನನ್ನು ನೆನೆಯುವುದಿಲ್ಲ.

ಯಾವ ಭೇದ ಆರಿಸಿದರೂ ದೇಶಕಾಲ ಮೀರಲಾಗದು. ಜಿಮ್ಮು ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿರಬೇಕು, ದರ್ಶಿನಿಗಿಂತ ಮೊದಲು ಸಿಗಬೇಕು. ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದದ್ದು ಎಷ್ಟೇ ಅಗ್ಗವಾದರೂ ಕೊಳ್ಳತಕ್ಕದ್ದಲ್ಲ. ತಾನು ನಿಜವಾಗಿ ಹೋಗುವ ಹೊತ್ತಿಗೇ ಹೋಗಿ ನೋಡಬೇಕು. ಮಧ್ಯಾಹ್ನ ಮೂರಕ್ಕೆ ಎಲ್ಲ ಜಿಮ್ಮೂ ನಂದನವನ. ಬಡಾವಣೆಯ ಪಾರ್ಕಿನ ತೆರೆದ ಜಿಮ್ಮೇ ಸಾಲದೇ ಎಂದು ಕೆಲವರು ಕೇಳುತ್ತಾರೆ. ಶುಲ್ಕವಿಲ್ಲ, ಕರಾರಿಲ್ಲ, ತಪ್ಪಿಸಿದರೆ ಪಾಪಪ್ರಜ್ಞೆಯೂ ಇಲ್ಲ. ಪಾಪಪ್ರಜ್ಞೆ ಇಲ್ಲದ್ದನ್ನು ಪಂಡಿತರು ಸದಸ್ಯತ್ವವೆಂದು ಒಪ್ಪುವುದಿಲ್ಲ.

ಉಳಿದದ್ದು ಮೋಕ್ಷ. ಬಂಧಕ್ಕೆ ಒಂದು ನಿಮಿಷ ಸಾಕು, ಮೋಕ್ಷಕ್ಕೆ ಜನ್ಮಾಂತರ ಬೇಕು. ಬೇಕಾದಾಗ ಬಿಟ್ಟರಾಯಿತು ಎಂದು ತಿಂಗಳ ಲೆಕ್ಕದಲ್ಲಿ ಸೇರಿದವರು ವರ್ಷದ ಕರಾರಿನವರಿಗಿಂತ ವರ್ಷ ದಾಟಿ ಉಳಿದುಕೊಳ್ಳುವ ಸಂಭವ ಶೇ 17 ಹೆಚ್ಚೆಂದು ಆ 2006ರ ಪ್ರಬಂಧವೇ ತೋರಿಸಿದೆ. ಕೊನೆಯ ಭೇಟಿಗೂ ರದ್ದತಿಗೂ ನಡುವೆ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಅಂತರ. ಜಿಮ್ಮಿಗೆ ಹೋಗಗೊಡದ ಆಲಸ್ಯವೇ ಜಿಮ್ಮನ್ನು ಬಿಡಗೊಡುವುದಿಲ್ಲ. ಹಾಗಾಗಿ ಆಟೋಪೇಗೆ ಒಪ್ಪಿಗೆ ಕೊಡುವ ಮುಂಚೆ ಕ್ಯಾಲೆಂಡರಿನಲ್ಲಿ ಅದನ್ನು ನಿಲ್ಲಿಸುವ ದಿನವನ್ನೂ ಗುರುತು ಹಾಕಬೇಕು. ಸೇರಿದಷ್ಟೇ ಸುಲಭವಾಗಿ ಬಿಡಲೂ ಬರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಿಯಮ ಮಾಡಿತು; 2025ರ ಜುಲೈಯಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕೊನೆಗೂ ಸುಲಭವಾಗಿ ರದ್ದಾದದ್ದು ರದ್ದತಿಯ ನಿಯಮವೊಂದೇ.

ಮುಕ್ತಿ ಸಿಗದವರಿಗೆ ಫ್ರೀಜ್ ಎಂಬ ಯೋಗನಿದ್ರೆ ಇದೆ. ಅದು ತಾನಾಗಿ ಬರುವುದಿಲ್ಲ, ಮೊದಲೇ ತಿಳಿಸಬೇಕು. ಎಷ್ಟು ದಿನ, ಎಷ್ಟು ಸಲ ಎಂಬುದನ್ನು ಸೇರುವಾಗಲೇ ಬರಹದಲ್ಲಿ ಪಡೆದಿರಬೇಕು. ಅದೂ ಮುಗಿದರೆ ದಾನ. ಉಳಿದ ತಿಂಗಳುಗಳನ್ನು ಬೇರೆಯವರ ಹೆಸರಿಗೆ ಮಾಡಿಸಬಹುದು, ಟ್ರಾನ್ಸ್‌ಫರ್ ಶುಲ್ಕ ಪ್ರತ್ಯೇಕ. ಇಲ್ಲಿ ಪಾತ್ರಾಪಾತ್ರ ವಿವೇಚನೆ ಅತ್ಯಗತ್ಯ. ಭಾಮೈದನಿಗೆ ಕೊಡಬಹುದೇ? ಕೊಡಬಹುದು, ಅವನೂ ಹೋಗುವವನಲ್ಲ ಎಂದು ಖಾತ್ರಿಯಿದ್ದರೆ ಮಾತ್ರ. ಅಪ್ಪಿತಪ್ಪಿ ಅವನು ಎಂಟು ತಿಂಗಳು ಬಿಡದೆ ಹೋಗಿ, ಮುಂದಿನ ಮದುವೆಗೆ ಶರ್ಟ್ ಇನ್ ಮಾಡಿಕೊಂಡು ಬಂದು, ಸೋದರತ್ತೆ ಅವನನ್ನು ನೋಡಿ ಆಮೇಲೆ ಇವನನ್ನು ನೋಡಿದರೆ, ಆ ನೋಟಕ್ಕೆ ಯಾವ ಸ್ಮೃತಿಯಲ್ಲೂ ಪ್ರಾಯಶ್ಚಿತ್ತ ಹೇಳಿಲ್ಲ.