ಆಕಾಶ ಹಿಡಿದದ್ದು

ನಾವಿರುವ ಬಡಾವಣೆಯ ಹೆಸರು ಸ್ಯಾಟಲೈಟ್. ತುಮಕೂರಿಗೆ ಹೋದಾಗ ಯಾರಾದರೂ ‘ಈಗೆಲ್ಲಪ್ಪ ವಾಸ?’ ಎಂದು ಕೇಳಿದರೆ ‘ಅಹಮದಾಬಾದು, ಸ್ಯಾಟಲೈಟಿನಲ್ಲಿ’ ಅನ್ನುತ್ತೇನೆ. ಅವರು ಒಮ್ಮೆ ಆಕಾಶ ನೋಡಿ, ಆಮೇಲೆ ನನ್ನ ಹೊಟ್ಟೆ ನೋಡಿ, ಇಷ್ಟು ಭಾರ ಅದು ಹೇಗೆ ಮೇಲೆ ಹೋಯಿತು ಎಂಬಂತೆ ಸುಮ್ಮನಾಗುತ್ತಾರೆ.

ಹೆಸರಿಗೆ ಕಾರಣ ಪಕ್ಕದ ಜೋಧಪುರ ಟೇಕ್ರಾ. ಅಲ್ಲಿ ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹದ ಜೊತೆ ಮಾತಾಡಬಲ್ಲ ಜನ ಇರುವ ಜಾಗ. ಅಂಥ ಜಾಗದ ನೆರೆಯಲ್ಲಿದ್ದುಕೊಂಡು, ಒಂದೂವರೆ ಅಡಿ ದೂರದ ನಮ್ಮ ಮನೆ ಕಂಪ್ಯೂಟರಿನೊಳಕ್ಕೆ ಹೋಗಲಾರದೆ ನಾವು ಒಂದು ಇಡೀ ಭಾನುವಾರ ಹೊಸ್ತಿಲಲ್ಲೇ ಕೂತ ಕಥೆ ಇದು.

ದೀಪಾವಳಿ ರಜೆಯ ಕೊನೆಯ ದಿನ. ಮೇಜಿನ ಮೇಲೆ ಫಾಫ್ಡಾ, ಜಿಲೇಬಿ, ಕರಿದ ಹಸಿಮೆಣಸಿನಕಾಯಿ. ಮಗಳು ಕಂಪ್ಯೂಟರ್ ಆನ್ ಮಾಡಿದವಳು ಕೂಗಿದಳು:

‘ಅಪ್ಪಾ, ಇದು ಪಾಸ್‌ವರ್ಡ್ ಕೇಳ್ತಿದೆ.’

ನಾನು ನಂಬಲಿಲ್ಲ. ಏಳು ವರ್ಷಗಳಿಂದ ಅದು ಧರ್ಮಛತ್ರದಂತೆ ಬಾಗಿಲು ತೆರೆದುಕೊಂಡೇ ಇದ್ದ ಯಂತ್ರ. ನಮ್ಮ ಮನೆಯಲ್ಲಿ ಗುಟ್ಟು ಅಂತ ಇರುವುದು ನನ್ನ ಸಕ್ಕರೆ ಕಾಯಿಲೆಯ ರಿಪೋರ್ಟು ಮಾತ್ರ. ಅದೂ ಸೊಸೈಟಿಯ ವಾಚ್‌ಮನ್‌ಗೆ ಗೊತ್ತು. ಬೀಗ ಹಾಕಿದವರು ಯಾರು?

‘ತಾತ’ ಎಂದಳು ಮಗಳು, ಜಿಲೇಬಿ ಮುರಿಯುತ್ತ.

ತಾತ ಅಂದರೆ ನನ್ನ ಮಾವ. ರಾಯಚೂರು ಜಿಲ್ಲೆಯವರು, ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನವರಾತ್ರಿಗೆ ಮುಂಚೆ ಬಂದು, ದೀಪಾವಳಿ ಮುಗಿಸಿಕೊಂಡು, ಹಿಂದಿನ ಸಂಜೆಯಷ್ಟೇ ರೈಲು ಹತ್ತಿದ್ದರು. ಫೋನ್ ಮಾಡಿ ಕೇಳೋಣವೆಂದರೆ ಅವರದ್ದು ಸ್ವಿಚ್ ಆಫ್. ರೈಲಿನಲ್ಲಿ ಚಾರ್ಜು ಉಳಿಯಲೆಂದು ಮಾವ ಫೋನು ಆರಿಸಿಡುತ್ತಾರೆ. ಇಳಿದ ಮೇಲೆ ಆನ್ ಮಾಡಿ ‘ಮುಟ್ಟಿದೆ’ ಎಂದು ಹೇಳಿ ಮತ್ತೆ ಆರಿಸುತ್ತಾರೆ. ಹೀಗೆ ಉಳಿಸಿದ ಚಾರ್ಜನ್ನು ಅವರು ಯಾವುದಕ್ಕೆ ಖರ್ಚು ಮಾಡುತ್ತಾರೋ ನಮಗೆ ಇವತ್ತಿಗೂ ತಿಳಿದಿಲ್ಲ.

ಬೀಗಕ್ಕೆ ಕಾರಣವೂ ಇತ್ತು. ಮಗಳಿಗೆ ಶಾಲೆಯಲ್ಲಿ ಗುಜರಾತಿ ಪ್ರಬಂಧ ಕೊಟ್ಟಿದ್ದರು: ‘ನಮ್ಮ ಬಡಾವಣೆ’. ರಜೆಯಲ್ಲಿ ಪಕ್ಕದ ಮನೆಯ ಹುಡುಗ ಕಾರಿನ ಗೇಮ್ ಆಡಲು ಬಂದವನು ಅದೇನು ಒತ್ತಿದನೋ, ಪ್ರಬಂಧದ ಅರ್ಧ ಮಾಯ. ಮಗಳು ಅತ್ತಳು. ‘ಕೂಸಿನ ಬರವಣಿಗಿಗೆ ಒಂದು ಕೀಲಿ ಬೇಕ್ರಿ ಅಳಿಯಾರ’ ಎಂದು ಮಾವ ಅಂದೇ ಹೇಳಿದ್ದರು. ಅಲಂಕಾರದ ಮಾತು ಅಂದುಕೊಂಡಿದ್ದೆ. ಹೊರಡುವ ದಿನ ಮಧ್ಯಾಹ್ನ, ಪಾಸ್‌ವರ್ಡ್ ಹಾಕುವುದು ಹೇಗೆಂದು ಅದೇ ಹುಡುಗನಿಂದಲೇ ಕೇಳಿ ತಿಳಿದು, ಆಮೇಲೆ ಅವನನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿ, ಬೀಗ ಜಡಿದಿದ್ದರು. ಕಳ್ಳನ ಸಲಹೆಯಿಂದಲೇ ಬಾಗಿಲು ಭದ್ರ ಮಾಡಿಸಿದ ಖಜಾನೆ ನೌಕರ!

‘ರಿಟೈರಾದ ಮೇಲೂ ನಿಮ್ಮಪ್ಪನಿಗೆ ಈ ಉಸಾಬರಿ ಯಾಕೆ?’ ಎಂದೆ.

ನನ್ನ ಹೆಂಡತಿ ಮದುವೆಯಾದ ಮೇಲೆ ನಮ್ಮ ಕಡೆಯ ಕನ್ನಡಕ್ಕೆ ಒಗ್ಗಿಕೊಂಡಿದ್ದಾಳೆ. ತವರಿನ ಸುದ್ದಿ ಎತ್ತಿದರೆ ಮಾತ್ರ ತುಂಗಭದ್ರೆ ದಾಟಿಬಿಡುತ್ತಾಳೆ. ‘ನಮ್ಮಪ್ಪಗ ಏನೂ ಅನ್ನಬ್ಯಾಡ್ರಿ ಮತ್ತ. ಖಜಾನಿ ಕೋಣಿಗಿ ಎರಡು ಬೀಗ, ಎರಡು ಕೀಲಿ, ಇಬ್ಬರ ಕೈಯಾಗ ಇರ್ತಿದ್ವು. ಡೂಪ್ಲಿಕೇಟ್ ಕೀಲಿ ಇಡಲಾರದ ಅಪ್ಪ ಬೀಗ ಹಾಕಾವಲ್ಲ. ಹುಡುಕ್ರಿ.’

ಹುಡುಕಿದೆವು. ಕೀಬೋರ್ಡಿನ ಅಡಿ, ಕ್ಯಾಲೆಂಡರಿನ ಹಿಂದೆ, ದೇವರ ಪಟದ ಸಂದಿ. ಸಿಕ್ಕಿದ್ದು 2019ರ ಒಂದು ಲೈಟ್ ಬಿಲ್ಲು ಮತ್ತು ನಾನು ಕಳೆದುಹೋಯಿತೆಂದು ಹೊಸದು ಮಾಡಿಸಿದ್ದ ಪ್ಯಾನ್ ಕಾರ್ಡು.

ಅಷ್ಟರಲ್ಲಿ ಬಾ ಬಂದರು. ಇದನ್ನು ಬಿಡಿಸಿ ಹೇಳಬೇಕು. ಗುಜರಾತಿಯಲ್ಲಿ ‘ಬಾ’ ಎಂದರೆ ತಾಯಿ, ಹಿರಿಯಾಕೆ. ಪಕ್ಕದ ಮನೆಯ ಅಜ್ಜಿಯನ್ನು ಇಡೀ ಸೊಸೈಟಿ ಬಾ ಅನ್ನುತ್ತದೆ. ಮಾವ ಬಂದ ಹೊಸತರಲ್ಲಿ ಆ ಹುಡುಗ ಜಗಲಿಯಲ್ಲಿ ನಿಂತು ‘ಬಾ! ಬಾ!’ ಎಂದು ಕೂಗಿದಾಗಲೆಲ್ಲ ಇವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಹೋದ ಮೇಲೆ ಅವರು ಚಹಾ ಕೊಡುತ್ತಿದ್ದರು. ಹಾಗಾಗಿ ಅರ್ಥ ತಿಳಿದ ಮೇಲೂ ಮಾವ ತಿದ್ದಿಕೊಳ್ಳಲಿಲ್ಲ.

ಬಾ ವಿಷಯ ಕೇಳಿ ಮರುಗಿದರು. ‘ಕಾಕಾ ಬಹು ಸಾರಾ ಛೇ’, ಕಾಕಾ ತುಂಬಾ ಒಳ್ಳೆಯವರು ಎಂದರು. ಹೊರಡುವ ಮುಂಚೆ ನಮ್ಮ ಮನೆ ಬಾಗಿಲಿಗೂ ಬಂದು ‘ಸಾರು, ಸಾರು’ ಎಂದು ಎರಡು ಸಲ ಹೇಳಿ ಹೋದರು, ಎಲ್ಲ ಒಳ್ಳೆಯದಾಗಲಿ ಅಂತ ಹರಸಿದರು ಎಂದು ಕಣ್ಣೊರೆಸಿಕೊಂಡರು. ಗುಜರಾತಿಯಲ್ಲಿ ‘ಸಾರು’ ಎಂದರೆ ಚೆನ್ನ, ಒಳ್ಳೆಯದು. ಇಲ್ಲಿನ ಎರಡು ತಿಂಗಳಲ್ಲಿ ಮಾವ ಅಷ್ಟಾದರೂ ಗುಜರಾತಿ ಕಲಿತರಲ್ಲ ಎಂದು ನನಗೂ ಹೆಮ್ಮೆಯಾಯಿತು.

ತಪ್ಪು ಪಾಸ್‌ವರ್ಡ್ ಹಾಕಿದರೆ ಕಂಪ್ಯೂಟರು ಒಂದು ಸುಳಿವು ತೋರಿಸುತ್ತದೆ. ಮಾವ ಅದನ್ನೂ ಬರೆದಿಟ್ಟಿದ್ದರು: ‘ಆಕಾಶ ಹಿಡಿದದ್ದು.’

ಮನೆಯೊಳಗೆ ವಿದ್ವತ್ ಗೋಷ್ಠಿ ಶುರುವಾಯಿತು. ತ್ರಿವಿಕ್ರಮ ಎಂದೆ ನಾನು. ಅಲ್ಲ. ಗೋವರ್ಧನ? ಅಲ್ಲ. ಬಾ ಉತ್ತರಾಯಣದ ಪತಂಗ ಅಂದರು. ಜನವರಿ 14ರಂದು ಈ ಊರಿನ ಮಾಳಿಗೆಗಳ ಮೇಲೆ ನಿಂತು ನೋಡಿದವರು ಯಾರೂ ಆ ಉತ್ತರವನ್ನು ತಪ್ಪು ಅನ್ನಲಾರರು. ಕಂಪ್ಯೂಟರ್ ಅಂದಿತು. ಹೆಂಡತಿ ಒಂದು ಗಳಿಗೆ ಯೋಚಿಸಿ, ‘ಈ ಏರಿಯಾದ ಫ್ಲಾಟ್ ರೇಟು’ ಎಂದಳು. ಇದ್ದುದರಲ್ಲಿ ಸರಿಯಾದ ಉತ್ತರ ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೊನೆಗೆ ರಿಪೇರಿ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಶಾಂತವಾಗಿ ‘ಫಾರ್ಮ್ಯಾಟ್ ಮಾರೀ ದಈಏ?’ ಎಂದ. ಫಾರ್ಮ್ಯಾಟ್ ಮಾಡಿಬಿಡೋಣವೇ ಎಂದಷ್ಟೇ ಅದರ ಅರ್ಥ. ಆದರೆ ಕನ್ನಡದ ಕಿವಿಗೆ ಅದರಲ್ಲಿ ಮಾರಿಯೇ ಕೇಳಿಸುವುದು. ಮಾರಿ ಬಂದರೆ ಹೋಗುವುದೇನು? ಪ್ರಬಂಧ, ಮಗಳ ನಾಮಕರಣದ ಫೋಟೋ, ನಾನು ಹನ್ನೆರಡು ವರ್ಷಗಳಿಂದ ಬರೆಯುತ್ತಿರುವ ಕಾದಂಬರಿಯ ಮೊದಲ ಪುಟ. ಮೊದಲೆರಡಕ್ಕಾಗಿ ಬೇಡ ಎಂದೆವು.

ಬೇಸರಕ್ಕೆ ನಾನು ಪಾಸ್‌ವರ್ಡಿನ ಪುರಾಣ ತೆಗೆದೆ. ಕಂಪ್ಯೂಟರಿಗೆ ಈ ಬೀಗ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಿತ್ತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕಬಾರದೆಂದು ಫರ್ನಾಂಡೋ ಕೊರ್ಬಾಟೋ ಅವರ ತಂಡ ಮಾಡಿದ ಏರ್ಪಾಡು. ಅಂದರೆ ಮಾವನ ಸಮಸ್ಯೆಯೇ. 1962ರಲ್ಲಿ ಅಲನ್ ಷೆರ್ ಎಂಬ ವಿದ್ಯಾರ್ಥಿ ತನಗೆ ಕೊಟ್ಟ ಯಂತ್ರದ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಪ್ರಿಂಟ್ ಹೊಡೆಸಿಕೊಂಡ. ಅಂದರೆ ಪಕ್ಕದ ಮನೆಯ ಹುಡುಗ ಅಲ್ಲೂ ಇದ್ದ. ಮುಂದೆ 2003ರಲ್ಲಿ ಬಿಲ್ ಬರ್ ಎಂಬ ಅಧಿಕಾರಿ, ಪಾಸ್‌ವರ್ಡಿನಲ್ಲಿ ಅಂಕಿ ಬೇಕು, ಚಿಹ್ನೆ ಬೇಕು, ಆಗಾಗ ಬದಲಿಸಬೇಕು ಎಂದು ಅಮೆರಿಕ ಸರಕಾರಕ್ಕೆ ಸೂತ್ರ ಬರೆದುಕೊಟ್ಟರು. ಲೋಕವೆಲ್ಲ ಅದನ್ನು ಪಾಲಿಸಿ, ಮರೆತು, ಪರದಾಡಿತು. 2017ರಲ್ಲಿ ಅವರೇ ತಮ್ಮ ಸಲಹೆಯ ಬಗ್ಗೆ ವಿಷಾದ ಹೇಳಿಕೊಂಡರು.

‘ಹದಿನಾಲ್ಕು ವರ್ಷ ಆದ ಮೇಲೆ!’ ಎಂದಳು ಹೆಂಡತಿ. ‘ರಾಮನ ವನವಾಸ ಮುಗಿದಂಗ.’

ಮಗಳು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಕಳೆದುಹೋದ ಪ್ರಬಂಧವನ್ನು ಬಾಯಲ್ಲೇ ಒಪ್ಪಿಸುತ್ತಿದ್ದಳು. ‘ಈ ಜಾಗಕ್ಕೆ ಸ್ಯಾಟಲೈಟ್ ಎಂಬ ಹೆಸರು ಹೇಗೆ ಬಂತು… 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹವನ್ನು ಕಡ ತಂದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು… ಆ ಆರರಲ್ಲಿ ಕರ್ನಾಟಕವೂ ಒಂದು…’ ಅಷ್ಟು ಹೇಳಿ ನಿಂತಳು.

‘ಅಮ್ಮಾ, ತಾತ ನೋಡಿದ್ದಾರೆ ಆ ಟಿವಿ.’

ನಿಜ. ಮಗಳ ಪ್ರಬಂಧ ಕೇಳುತ್ತ ಕೂತಿದ್ದ ದಿನ ಮಾವ ಎದ್ದು ನಿಂತೇಬಿಟ್ಟಿದ್ದರಂತೆ. ಆ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಮಾವನಿಗೆ ಆಗ ಹದಿನೈದು. ಸಂಜೆಯಾದರೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ. ಚಿತ್ರ ಒಂದೇ, ಉಪಗ್ರಹ ಅದರ ಜೊತೆ ಎರಡು ಧ್ವನಿಯನ್ನು ಹೊತ್ತು ತರುತ್ತಿತ್ತು. ಅದೇ ಎತ್ತು, ಅದೇ ಹೊಲ. ನದಿಯ ಆಚೆ ದಂಡೆಯ ಹಳ್ಳಿಯಲ್ಲಿ ತೆಲುಗು ಮಾತಾಡಿದರೆ ಇವರಲ್ಲಿ ಕನ್ನಡ. ಆ ಚಿತ್ರ ಎಲ್ಲಿಂದ ಬರುತ್ತದೆಂದು ಕೇಳಿದಾಗಲೆಲ್ಲ ಹಿರಿಯರು ಬೆರಳೆತ್ತಿ ಮೇಲೆ ತೋರಿಸುತ್ತಿದ್ದರಂತೆ. ಅದು ಮೇಲಕ್ಕೆ ಹೋಗುತ್ತಿದ್ದದ್ದು ಅಹಮದಾಬಾದಿನ ಭೂಕೇಂದ್ರದಿಂದ, ತನ್ನ ಮಗಳ ಮನೆಯ ಪಕ್ಕದಿಂದ ಎಂಬುದು ಮಾವನಿಗೆ ತಿಳಿದದ್ದು ಮೊಮ್ಮಗಳ ಹೋಂವರ್ಕಿನಿಂದ.

‘ಮತ್ತ ಒಂದು ವರ್ಸಕ್ಕ ಬಂದ್ ಆತು ನೋಡು’ ಎಂದಿದ್ದರಂತೆ. ‘ಕಡ ತಂದಿದ್ದು ಅಂತ ಈಗ ಗೊತ್ತಾತು. ಕಡ ತಂದ ಭಾಂಡಿ ಹೊಳ್ಳಿ ಕೊಡಬೇಕಲ್ಲ.’

‘ಅದೆಲ್ಲ ಸರಿ, ಆಕಾಶ ಹಿಡಿದದ್ದು ಏನು?’ ಎಂದೆ.

ಮಗಳು ಬಾ ಕಡೆ ನೋಡಿ ದನಿ ತಗ್ಗಿಸಿದಳು. ಹಳ್ಳಿಗಳಲ್ಲಿ ನಿಲ್ಲಿಸಿದ್ದ ಆಂಟೆನಾ ಮೂರು ಮೀಟರ್ ಅಗಲದ ಬೋಗುಣಿ. ಅದನ್ನು ಮಾಡಿದ್ದದ್ದು ಕೋಳಿಗೂಡಿಗೆ ಕಟ್ಟುವ ತಂತಿಬಲೆಯಿಂದ. ಅಗ್ಗ, ಹಗುರ, ಗಾಳಿಗೆ ಅಡ್ಡಿಯಿಲ್ಲ. ಪ್ರಬಂಧ ಬರೆಯುವಾಗ ಗುಜರಾತಿಯಲ್ಲಿ ಕೋಳಿಗೆ ಏನೆನ್ನುತ್ತಾರೆಂದು ಬಾ ಅವರನ್ನೇ ಕೇಳಿದ್ದಳಂತೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ‘ಮರಘಿ’ ಎಂದು ಉಸುರಿದ್ದರು. ಈರುಳ್ಳಿ ಹೆಚ್ಚಿದರೂ ಕಿಟಕಿ ಮುಚ್ಚುವ ಮನೆ ಅವರದು.

‘ತಾತ ಅದಕ್ಕೆ ಕೋಳಿಜಾಳಿಗಿ ಅಂದ್ರು. ಹೇಳಿ ಹೇಳಿ ನಕ್ಕಿದ್ರು.’

ಹಾಕಿದಳು, ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲ. ಕೀಬೋರ್ಡನ್ನು ಭಾರತೀಯ ಲಿಪಿಗೆ ತಿರುಗಿಸಿ ಮತ್ತೆ ಒತ್ತಿದಳು. ಕಪ್ಪು ಚುಕ್ಕೆಗಳ ಸಾಲು. ಇಲ್ಲ. ಎಲ್ಲರೂ ಕುಗ್ಗಿಹೋದೆವು. ಆಗ ಪಕ್ಕದ ಮನೆಯ ಹುಡುಗ, ಅಲನ್ ಷೆರ್‌ನ ಆ ವಂಶಸ್ಥ, ಬಾಗಿಲ ಬಳಿಯಿಂದಲೇ ‘ಆ ಕಣ್ಣು ಒತ್ತು’ ಅಂದ. ಪಾಸ್‌ವರ್ಡ್ ಪಟ್ಟಿಯ ಬಲತುದಿಯಲ್ಲಿ ಸಣ್ಣ ಕಣ್ಣಿನ ಗುರುತು. ಒತ್ತಿದರೆ ಚುಕ್ಕೆ ಸರಿದು ಅಕ್ಷರ ಕಾಣುತ್ತದೆ. ಬೆಳಗಿನಿಂದ ಅದು ನಮ್ಮನ್ನೇ ನೋಡುತ್ತಿತ್ತು. ನಾವು ಅದನ್ನು ನೋಡಿರಲಿಲ್ಲ.

ಕಂಡದ್ದು ಗುಜರಾತಿ ಅಕ್ಷರ. ಮಗಳು ಹಣೆ ಚಚ್ಚಿಕೊಂಡಳು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ. ಗುಜರಾತಿಯ ಕ ಇರುವ ಗುಂಡಿಯಲ್ಲೇ ಕನ್ನಡದ ಕ. ಹಿಂದಿಯ ವರ್ಣಮಾಲೆಗೆ ಬೇಡವಾದ ಳ ಕೂಡ ಗುಜರಾತಿಗೆ ಉಂಟು, ನಮಗೂ ಉಂಟು, ಗುಂಡಿಯೂ ಒಂದೇ. ತಾತನಿಗೆ ಟೈಪಿಂಗ್ ಹೇಳಿಕೊಟ್ಟವಳೂ ಅವಳೇ: ‘ತಾತ, ನನ್ನ ಬೆರಳು ಹೋದಲ್ಲೇ ನಿಮ್ಮ ಬೆರಳು ಹೋಗಲಿ.’ ಬೆರಳಿಗೆ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಇದೆ. ಯೂನಿಕೋಡಿನ ಲೆಕ್ಕದಲ್ಲಿ ಗುಜರಾತಿಯ ಕ 0ಎ95, ಕನ್ನಡದ ಕ 0ಸಿ95. ಒಂದೇ ಬೀದಿಯಲ್ಲಿ ಎರಡು ಮನೆ. ಬೆಲ್ಲು ಮಾತ್ರ ಸರಿಯಾದದ್ದೇ ಒತ್ತಬೇಕು. ಅರ್ಧ ಶತಮಾನದ ಹಿಂದೆ ಒಂದು ಚಿತ್ರಕ್ಕೆ ಎರಡು ಧ್ವನಿ. ಈಗ ಒಂದು ಬೆರಳಿಗೆ ಎರಡು ಲಿಪಿ.

ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ, ಅವೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿದಳು. ಬಾಗಿಲು ತೆರೆಯಿತು. ಬಾ ಚಪ್ಪಾಳೆ ತಟ್ಟಿ ಪಾಸ್‌ವರ್ಡ್ ಏನಿತ್ತೆಂದು ಕೇಳಿದರು. ಹೆಂಡತಿ ಒಂದು ಕ್ಷಣ ತಡೆದು ‘ಆಂಟೆನಾ’ ಎಂದಳು.

ಇನ್ನು ಈ ಬೀಗವೇ ಬೇಡ ಎಂದು ನಾನು ಸೆಟ್ಟಿಂಗ್ಸಿಗೆ ಹೋದೆ. ಪಾಸ್‌ವರ್ಡ್ ತೆಗೆಯುವುದು ಸುಲಭ: ಹಳೆಯದನ್ನು ಒಮ್ಮೆ ಕೊಟ್ಟು, ಹೊಸದರ ಜಾಗ ಖಾಲಿ ಬಿಟ್ಟರಾಯಿತು. ಬೀಗ ತೆಗೆಯಬೇಕಾದರೂ ಕೀಲಿ ಬೇಕು ಎಂಬುದು ಖಜಾನೆಯ ನಿಯಮವೇ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

‘ಮುಟ್ಟೀನ್ರಿ ಅಳಿಯಾರ.’

ಮಾವ ಆರಿಸುವ ಮೊದಲೇ ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅತ್ತ ಸ್ವಲ್ಪ ಹೊತ್ತು ಮೌನ.

‘ಡೂಪ್ಲಿಕೇಟ್ ಇಟ್ಟೀನಲ್ರಿ. ಹೊರಡೂ ಗಡಿಬಿಡ್ಯಾಗ ನಿಮಗ ಹೇಳೂದು ಮರೀತು ಅಂತ ಬಾಜೂ ಮನಿ ಅಮ್ಮಾರಿಗೆ ಹೇಳಿ ಬಂದೀನಿ. ಎರಡು ಸಲ ಹೇಳೀನಿ: ಸಾರು! ಸಾರಿನ ಡಬ್ಬಿ!’

ಹೆಂಡತಿ ಅಡುಗೆಮನೆಗೆ ಓಡಿದಳು. ಸಾರಿನ ಪುಡಿಯ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಮಡಿಕೆಯ ಚೀಟಿ. ಖಜಾನೆಯ ದುಂಡು ಅಕ್ಷರದಲ್ಲಿ ‘ಕೋಳಿಜಾಳಿಗಿ’. ಕೆಳಗೆ ಗೆರೆ ಎಳೆದು: ‘ಕನ್ನಡದಾಗ ಒತ್ತಬೇಕು.’

ಚೀಟಿ ತಿರುಗಿ ಡಬ್ಬಿ ಸೇರಿತು. ಪಾಸ್‌ವರ್ಡನ್ನೂ ನಾನು ತೆಗೆಯಲಿಲ್ಲ. ಆ ರಾತ್ರಿ ಮಾಡಿದ ಸಾರನ್ನು ಒಂದು ಬಟ್ಟಲು ಬಾ ಮನೆಗೆ ಕಳಿಸಿದೆವು. ಹುಡುಗ ಖಾಲಿ ಬಟ್ಟಲು ತಂದುಕೊಟ್ಟು ಬಾ ಹೇಳಿದ್ದನ್ನು ಒಪ್ಪಿಸಿದ:

‘ಸಾರು ಛೇ.’

‘ಹೌದಪ್ಪ, ಸಾರೇ’ ಎಂದಳು ನನ್ನ ಹೆಂಡತಿ.